ಸ್ಟೇಜ್ ಒಂದು ಎಂದು ಬರೆದ ಕಾಗದ: ಹೆನ್ರಿಯೆಟ್ಟಾ ಲ್ಯಾಕ್ಸ್ ಪ್ರಕರಣ

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದ ದಿನ ಫೋನ್ ಮಾಡುವವರೆಲ್ಲ ಕೇಳುವುದು ಒಂದೇ ಮಾತು: ‘ಎಷ್ಟನೇ ಸ್ಟೇಜಂತೆ?’ ಒಂದು ಅಂದರೆ ಆ ಕಡೆ ನಿಟ್ಟುಸಿರು. ಸದ್ಯ, ಬೇಗ ಗೊತ್ತಾಯ್ತಲ್ಲ ಅಂತಾರೆ. ಮೂರು ಅಂದರೆ ಮಾತೇ ನಿಂತುಹೋಗುತ್ತದೆ. ಆ ಒಂದು ಅಂಕಿಯ ಮೇಲೆ ಮನೆಯವರು ಧೈರ್ಯ ತಂದುಕೊಳ್ಳುತ್ತಾರೆ, ಇಲ್ಲವೇ ಕುಸಿದು ಕೂರುತ್ತಾರೆ. ಆ ಅಂಕಿ ನಿಜವಾಗಿ ಏನು ಹೇಳುತ್ತದೆ, ಎಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ ಅನ್ನುವುದನ್ನು ತೋರಿಸಲು ನನಗೆ ಗೊತ್ತಿರುವ ಪ್ರಕರಣಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಸ್ಟೇಜ್ ಒಂದು ಅಂತ ಬರೆಸಿಕೊಂಡ ಒಬ್ಬ ತಾಯಿ ಎಂಟು ತಿಂಗಳಲ್ಲಿ ತೀರಿಕೊಂಡ ಕಥೆ ಇದು.

ಹೆನ್ರಿಯೆಟ್ಟಾ ಲ್ಯಾಕ್ಸ್ ಹುಟ್ಟಿದ್ದು 1920ರಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿ. ಕಪ್ಪು ಜನಾಂಗದ, ತಂಬಾಕು ಹೊಲಗಳಲ್ಲಿ ದುಡಿದು ಬೆಳೆದ ಹೆಣ್ಣುಮಗಳು. ಮದುವೆಯಾದ ಮೇಲೆ ಗಂಡನ ಉಕ್ಕಿನ ಕಾರ್ಖಾನೆ ಕೆಲಸದ ದೆಸೆಯಿಂದ ಬಾಲ್ಟಿಮೋರ್ ಹತ್ತಿರ ಬಂದು ನೆಲೆಸಿದರು. ಐದು ಮಕ್ಕಳು. ಕೊನೆಯ ಮಗು ಹುಟ್ಟಿದ್ದು 1950ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲಿನಿಂದಲೇ ಆಕೆ ಹತ್ತಿರದ ಹೆಂಗಸರ ಬಳಿ ಹೇಳಿಕೊಂಡಿದ್ದರು, ಒಳಗೆ ಏನೋ ಗಂಟು ಇದ್ದ ಹಾಗಿದೆ ಅಂತ. ನಮ್ಮ ಹೆಂಗಸರೂ ಇದೇ ಪದ ಬಳಸುತ್ತಾರೆ ಅಲ್ವಾ? ಗಂಟು.

ಹೆರಿಗೆ ಆಯಿತು. ಆಗಲೂ, ಅದಾದ ಆರು ವಾರದ ತಪಾಸಣೆಯಲ್ಲೂ ಗರ್ಭಕೋಶದ ಕೊರಳಿನಲ್ಲಿ (ಇಂಗ್ಲಿಷಿನ ಸರ್ವಿಕ್ಸ್) ತೊಂದರೆ ಇದೆ ಅಂತ ಯಾರೂ ಬರೆದಿರಲಿಲ್ಲ. ಆಮೇಲೆ ಮುಟ್ಟಿನ ದಿನಗಳಲ್ಲದೆಯೂ ರಕ್ತ ಕಾಣಿಸಿತು. 1951ರ ಜನವರಿ ಕೊನೆಯ ಹೊತ್ತಿಗೆ ಆಕೆ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ಬಂದರು. ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿದ್ದ ದೊಡ್ಡ ಆಸ್ಪತ್ರೆ ಆ ಭಾಗದಲ್ಲಿ ಅದೇ. ಸೇರಿಸಿಕೊಂಡರೂ ವಾರ್ಡ್ ಬೇರೆ.

ಅವತ್ತು ಪರೀಕ್ಷೆ ಮಾಡಿದವರು ಡಾ. ಹೋವರ್ಡ್ ಜೋನ್ಸ್. ಆಕೆ ಹೇಳಿದ ಜಾಗದಲ್ಲೇ ಗಡ್ಡೆ ಇತ್ತು. ಚಿಕ್ಕ ನಾಣ್ಯದಷ್ಟು ಅಗಲ. ನೇರಳೆ ಬಣ್ಣ, ಹೊಳಪು. ಸೋಕಿದರೆ ಸಾಕು, ರಕ್ತ ಒಸರುತ್ತಿತ್ತು. ಜೋನ್ಸ್ ನೂರಾರು ಗರ್ಭಕೋಶದ ಕೊರಳು ಕ್ಯಾನ್ಸರ್ ನೋಡಿದ್ದವರು. ಇಂಥದ್ದನ್ನು ನೋಡಿದ ನೆನಪಿಲ್ಲ ಅಂತ ಮುಂದೆ ಹೇಳಿಕೊಂಡರು. ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಉತ್ತರ ಬಂತು: ಎಪಿಡರ್ಮಾಯ್ಡ್ ಕಾರ್ಸಿನೋಮಾ, ಅಂದರೆ ಕೊರಳಿನ ಹೊರ ಪದರದ ಚಪ್ಪಟೆ ಕೋಶಗಳಿಂದ ಹುಟ್ಟಿದ ಕ್ಯಾನ್ಸರ್. ಸ್ಟೇಜ್ ಒಂದು.

ಈ ‘ಒಂದು’ ಎಲ್ಲಿಂದ ಬಂತು?

ಕೊರಳು ಕ್ಯಾನ್ಸರನ್ನು ಹಂತಗಳಾಗಿ ವಿಂಗಡಿಸುವ ಪದ್ಧತಿ ಶುರುವಾದದ್ದು 1929ರಲ್ಲಿ, ಲೀಗ್ ಆಫ್ ನೇಷನ್ಸ್‌ನ ಆರೋಗ್ಯ ವಿಭಾಗದ ಆಸರೆಯಲ್ಲಿ. ಸ್ತ್ರೀಯರ ಕ್ಯಾನ್ಸರ್‌ಗಳಲ್ಲಿ ಮೊದಲು ಹಂತ ಕಟ್ಟಿದ್ದು ಇದಕ್ಕೇ. ಉದ್ದೇಶ ತುಂಬ ಸರಳ. ಆಗ ರೇಡಿಯಂ ಚಿಕಿತ್ಸೆ ಹೊಸದು. ಒಂದು ಊರಿನವರು ನಮ್ಮಲ್ಲಿ ಇಷ್ಟು ಜನ ಉಳಿದರು ಅನ್ನುತ್ತಿದ್ದರು, ಇನ್ನೊಂದು ಊರಿನವರು ಅಷ್ಟು ಅನ್ನುತ್ತಿದ್ದರು. ಒಬ್ಬರು ಚಿಕ್ಕ ಗಡ್ಡೆಯವರನ್ನೇ ಜಾಸ್ತಿ ನೋಡಿದ್ದರೆ, ಇನ್ನೊಬ್ಬರ ಬಳಿ ಕೊನೆಗಾಲದಲ್ಲಿ ಬಂದವರೇ ಇದ್ದರೆ, ಹೋಲಿಸುವುದು ಹೇಗೆ? ಹಾಗಾಗಿ ಒಂದು ಸಾಮಾನ್ಯ ಅಳತೆಗೋಲು ಬೇಕಾಯಿತು. ಆಸ್ಪತ್ರೆಗಳು ತಮ್ಮ ತಮ್ಮಲ್ಲಿ ಲೆಕ್ಕ ಹೋಲಿಸಲು ಮಾಡಿಕೊಂಡ ಗೋಲು ಅದು. ಒಬ್ಬ ಹೆಂಗಸು ಎಷ್ಟು ದಿನ ಬದುಕುತ್ತಾಳೆ ಅಂತ ಹೇಳಲು ಮಾಡಿದ್ದಲ್ಲ. ಈ ಹಿನ್ನೆಲೆ ಎಲ್ಲರಿಗೂ ಗೊತ್ತಿದ್ದರೆ ಎಷ್ಟೋ ಮನೆಗಳಲ್ಲಿ ಅನಗತ್ಯ ಭಯವೂ ಅನಗತ್ಯ ನಿರಾಳವೂ ಕಡಿಮೆಯಾಗುತ್ತಿತ್ತು ಅಂತ ನನಗೆ ಅನಿಸುತ್ತದೆ. ಮುಂದೆ ಈ ಕೆಲಸ ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಬಂತು. 1954ರಲ್ಲಿ ಜಿನೀವಾದಲ್ಲಿ ಹುಟ್ಟಿದ ಈ ಸಂಸ್ಥೆಯ ಚಿಕ್ಕ ಹೆಸರು ಫಿಗೋ. ಇವತ್ತು ರಿಪೋರ್ಟ್‌ಗಳಲ್ಲಿ ‘ಫಿಗೋ ಸ್ಟೇಜ್’ ಅಂತ ಕಾಣುವುದು ಇದರಿಂದಲೇ.

ಮೂಲ ಲೆಕ್ಕ ಹೀಗಿದೆ. ಗಡ್ಡೆ ಕೊರಳಿನೊಳಗೇ ಇದ್ದರೆ ಒಂದು. ಕೊರಳು ದಾಟಿ ಯೋನಿಯ ಮೇಲ್ಭಾಗಕ್ಕೋ ಅಕ್ಕಪಕ್ಕದ ಅಂಗಾಂಶಕ್ಕೋ ಹಬ್ಬಿದ್ದು, ಕಿಬ್ಬೊಟ್ಟೆಯ ಗೋಡೆ, ಅಂದರೆ ಸೊಂಟದ ಎಲುಬಿನ ಒಳಬದಿ, ಮುಟ್ಟಿಲ್ಲದಿದ್ದರೆ ಎರಡು. ಗೋಡೆ ಮುಟ್ಟಿದ್ದರೆ, ಯೋನಿಯ ಕೆಳಭಾಗಕ್ಕೆ ಇಳಿದಿದ್ದರೆ, ಅಥವಾ ಮೂತ್ರನಾಳ ಅಮುಕಿ ಮೂತ್ರಪಿಂಡ ಊದಿದ್ದರೆ ಮೂರು. ಮೂತ್ರಕೋಶ, ಗುದನಾಳದ ಒಳಪದರಕ್ಕೆ ಅಥವಾ ದೂರದ ಅಂಗಗಳಿಗೆ ಹೋಗಿದ್ದರೆ ನಾಲ್ಕು.

ಇದನ್ನು ತಿಳಿಯಲು ಜೋನ್ಸ್ ಕೈಯಲ್ಲಿ ಇದ್ದದ್ದೇನು? ಕಣ್ಣು ಮತ್ತು ಬೆರಳು. ಈ ಬೆರಳಿನ ಪರೀಕ್ಷೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ಇವತ್ತಿಗೂ ನಡೆಯುತ್ತದೆ ಮತ್ತು ಯಾಕೆ ಮಾಡುತ್ತಾರೆ ಅಂತ ಹೆಂಗಸರಿಗೆ ಸರಿಯಾಗಿ ಹೇಳುವವರು ಕಡಿಮೆ. ವೈದ್ಯರು ಒಂದು ಬೆರಳನ್ನು ಯೋನಿಯಲ್ಲಿ, ಇನ್ನೊಂದನ್ನು ಗುದದ್ವಾರದಲ್ಲಿ ಇಟ್ಟು ಕೊರಳಿನ ಎರಡೂ ಪಕ್ಕ ಒತ್ತಿ ನೋಡುತ್ತಾರೆ. ಹೆಂಗಸರಿಗೆ ಮುಜುಗರ, ನೋವು. ಹಾಗಾಗಿ ಎಷ್ಟೋ ಕಡೆ ಅರಿವಳಿಕೆ ಕೊಟ್ಟು ಮಾಡುತ್ತಾರೆ. ಗುದದ್ವಾರದಿಂದ ಯಾಕೆ? ಕೊರಳಿನ ಪಕ್ಕದ ಅಂಗಾಂಶ ಯೋನಿಯ ಕಡೆಯಿಂದ ಬೆರಳಿಗೆ ಸರಿಯಾಗಿ ಸಿಗುವುದಿಲ್ಲ. ಹಿಂದಿನಿಂದ ಸಿಗುತ್ತದೆ. ಅದು ಅರಳೆಯ ಹಾಗೆ ಮೆತ್ತಗೆ ಬಳುಕಿದರೆ ಸರಿ. ದಪ್ಪಗೆ, ಬಿರುಸಾಗಿ, ಬಿಗಿದ ಹಗ್ಗದ ಹಾಗೆ ಗೋಡೆಯ ಕಡೆ ಎಳೆದುಕೊಂಡಿದ್ದರೆ ರೋಗ ಕೊರಳು ದಾಟಿದೆ ಅಂತ ಅರ್ಥ. ಆಪರೇಷನ್ ಮಾಡಬಹುದೋ ಬೇಡವೋ ಅನ್ನುವ ಗೆರೆ ಎಷ್ಟೋ ಸಲ ಇಲ್ಲೇ, ಈ ಬೆರಳ ತುದಿಯಲ್ಲೇ ಎಳೆಯಲ್ಪಡುತ್ತದೆ.

ಹೆನ್ರಿಯೆಟ್ಟಾ ಅವರ ಗಡ್ಡೆ ಕಣ್ಣಿಗೂ ಕೈಗೂ ಕೊರಳಿನೊಳಗೇ ಇತ್ತು. ನಿಯಮದ ಪ್ರಕಾರ ಸ್ಟೇಜ್ ಒಂದು ಸರಿಯೇ. ಅನುಮಾನ ಬಂದರೆ ಕೆಳಗಿನ ಹಂತವನ್ನೇ ಬರೆಯಬೇಕು ಅನ್ನುವುದೂ ಈ ಪದ್ಧತಿಯ ನಿಯಮ. ಜೋನ್ಸ್ ತಪ್ಪು ಮಾಡಿದರು ಅಂತ ನಾನು ಹೇಳಲಾರೆ.

ಚಿಕಿತ್ಸೆ ಶುರುವಾಯಿತು. ಫೆಬ್ರವರಿಯಲ್ಲಿ ರೇಡಿಯಂ ತುಂಬಿದ ಸಣ್ಣ ಗಾಜಿನ ಕೊಳವೆಗಳನ್ನು ಬಟ್ಟೆಯ ಪುಟ್ಟ ಚೀಲಗಳಲ್ಲಿಟ್ಟು, ಕೊರಳಿಗೆ ಹೊಲಿದು ಕೂರಿಸಿದರು. ಅದನ್ನು ಕೂರಿಸುವ ಮೊದಲು ಶಸ್ತ್ರವೈದ್ಯರು ಎರಡು ಚೂರು ಕತ್ತರಿಸಿಕೊಂಡರು. ಒಂದು ಗಡ್ಡೆಯದು, ಇನ್ನೊಂದು ಪಕ್ಕದ ಆರೋಗ್ಯವಂತ ಭಾಗದ್ದು. ಆಕೆಯನ್ನು ಕೇಳಲಿಲ್ಲ, ಹೇಳಲೂ ಇಲ್ಲ.

ಆ ಚೂರುಗಳ ಕಥೆ ಜಗತ್ತಿಗೇ ಗೊತ್ತು. ಗಡ್ಡೆಯ ಚೂರು ಹಾಪ್‌ಕಿನ್ಸ್‌ನಲ್ಲೇ ಕೋಶ ಬೆಳೆಸುವ ಕೆಲಸದಲ್ಲಿದ್ದ ಜಾರ್ಜ್ ಗೈ ಅವರ ಲ್ಯಾಬಿನಲ್ಲಿ ಬೆಳೆಯುತ್ತಲೇ ಹೋಯಿತು. ಹೀಲಾ ಕೋಶಗಳು ಅಂತ ಹೆಸರಾಯಿತು. ಪೋಲಿಯೊ ಲಸಿಕೆಯ ಪರೀಕ್ಷೆಗೆ ಒದಗಿತು. ಇವತ್ತು ಬೆಂಗಳೂರಿನ ಲ್ಯಾಬ್‌ಗಳ ಫ್ರೀಜರ್‌ಗಳಲ್ಲೂ ಅವೇ ಕೋಶಗಳಿವೆ. ಆದರೆ ಆ ಚೂರನ್ನು ತೆಗೆದದ್ದು ಯಾಕೆ ಅನ್ನುವುದು ಅಷ್ಟಾಗಿ ಯಾರೂ ಹೇಳುವುದಿಲ್ಲ. ಅದರ ಹಿಂದೆ ಇದ್ದದ್ದೂ ಸ್ಟೇಜಿನ ಜಗಳವೇ.

ಹಾಪ್‌ಕಿನ್ಸ್‌ನ ಸ್ತ್ರೀರೋಗ ವಿಭಾಗದ ಮುಖ್ಯಸ್ಥ ರಿಚರ್ಡ್ ಟೆಲಿಂಡ್ ಒಂದು ವಾದ ಹೂಡಿದ್ದರು. ಮೇಲ್ಪದರದಲ್ಲೇ ಇರುವ, ಒಳಗೆ ಇನ್ನೂ ಇಳಿಯದ ಕ್ಯಾನ್ಸರ್ ಸುಮ್ನೆ ಕೂರುವುದಿಲ್ಲ, ಬಿಟ್ಟರೆ ಮುಂದೆ ಒಳಗೆ ಇಳಿಯುತ್ತದೆ, ಹಾಗಾಗಿ ಆಗಲೇ ಚಿಕಿತ್ಸೆ ಕೊಡಬೇಕು ಅನ್ನುವುದು ಅವರ ಮಾತು. ಅನೇಕರು ಒಪ್ಪಲಿಲ್ಲ. 1950ರಲ್ಲಿ ಇಂಥ ಮೇಲ್ಪದರದ ರೋಗವನ್ನು ಸ್ಟೇಜ್ ಸೊನ್ನೆ ಅಂತ ಪಟ್ಟಿಗೆ ಸೇರಿಸಿದ್ದರು. ಸೊನ್ನೆಯೂ ಒಂದೂ ಒಂದೇ ರೋಗದ ಎರಡು ಮೆಟ್ಟಿಲು ಅಂತ ತೋರಿಸಬೇಕಾದರೆ ಎರಡೂ ಬಗೆಯ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಹೋಲಿಸಬೇಕು. ಅದಕ್ಕೇ ಟೆಲಿಂಡ್ ಗೈ ಅವರ ಜೊತೆ ಸೇರಿದರು. ಅದಕ್ಕೇ ಆ ಚೂರು. ಟೆಲಿಂಡ್ ವಾದವೇ ಕಾಲಕ್ರಮದಲ್ಲಿ ಗೆದ್ದಿತು. ಇವತ್ತು ಕೊರಳಿನ ಕೋಶ ಸವರಿ ತೆಗೆದು ನೋಡುವ ಪ್ಯಾಪ್ ಪರೀಕ್ಷೆಯಲ್ಲಿ ಮೇಲ್ಪದರದ ಬದಲಾವಣೆ ಕಂಡಾಗಲೇ ಚಿಕಿತ್ಸೆ ಮಾಡುತ್ತಾರಲ್ಲ, ಅದರ ಬೇರು ಅಲ್ಲಿದೆ. ಆ ಸ್ಥಿತಿಯನ್ನು ಕ್ಯಾನ್ಸರ್ ಆಗುವ ಮುಂಚಿನದು ಅಂತ ನೋಡುವುದರಿಂದ 2009ರಲ್ಲಿ ಫಿಗೋ ಕೊರಳು ಕ್ಯಾನ್ಸರ್ ಪಟ್ಟಿಯಿಂದ ಸ್ಟೇಜ್ ಸೊನ್ನೆಯನ್ನು ತೆಗೆದುಹಾಕಿತು.

ಹೆನ್ರಿಯೆಟ್ಟಾ ಕಡೆಗೆ ಬರೋಣ. ಎರಡು ಸಲ ರೇಡಿಯಂ ಆಯಿತು. ಗಡ್ಡೆ ಕರಗಿದಂತೆ ಕಂಡಿತು. ಆಮೇಲೆ ದಿನಾ ಎಕ್ಸ್‌ರೇ ಚಿಕಿತ್ಸೆ. ಹೊಟ್ಟೆಯ ಚರ್ಮ ಸುಟ್ಟು ಕರ್ರಗಾಯಿತು. ಆಕೆ ಮನೆಗೆ ಹೋದರು, ಮತ್ತೆ ಬಂದರು, ನೋವಿದೆ ಅಂದರು. ರೋಗ ಹಬ್ಬಿದ ಹಾಗಿದೆ ಅಂತಲೂ ತಾವಾಗೇ ಹೇಳಿದರು. ವೈದ್ಯರಿಗೆ ಏನೂ ಸಿಗಲಿಲ್ಲ, ಮತ್ತೆ ಬಂದಿರುವ ಗುರುತಿಲ್ಲ ಅಂತ ಬರೆದರು. ಕೆಲವೇ ವಾರಗಳಲ್ಲಿ ಕಿಬ್ಬೊಟ್ಟೆಯ ಗೋಡೆಗೆ ಅಂಟಿದ ಕಲ್ಲಿನಂಥ ಗಡ್ಡೆ ಕೈಗೆ ಸಿಕ್ಕಿತು. ಆಗಸ್ಟ್‌ನಲ್ಲಿ ಆಸ್ಪತ್ರೆ ಸೇರಿದವರು ಮತ್ತೆ ಮನೆಗೆ ಹೋಗಲಿಲ್ಲ. ಮೂತ್ರ ಹರಿಯುವ ದಾರಿ ಮುಚ್ಚಿ, ರಕ್ತದಲ್ಲಿ ವಿಷ ಏರಿತು. 1951ರ ಅಕ್ಟೋಬರ್ 4ರಂದು ತೀರಿಕೊಂಡರು. ವಯಸ್ಸು 31. ಮರಣೋತ್ತರ ಪರೀಕ್ಷೆಯಲ್ಲಿ ಒಳಗಿನ ಅಂಗಾಂಗಗಳ ತುಂಬ ಮುತ್ತು ಚೆಲ್ಲಿದ ಹಾಗೆ ಬಿಳಿಯ ಗಡ್ಡೆಗಳು.

ಸ್ಟೇಜ್ ಒಂದರ ರೋಗಿಗೆ ಹೀಗಾದದ್ದು ಹೇಗೆ? ನನ್ನ ಪ್ರಕಾರ ಎರಡು ಕಾರಣ. ಒಂದು ನೋಟಕ್ಕೆ ಸೇರಿದ್ದು, ಇನ್ನೊಂದು ಸ್ವಭಾವಕ್ಕೆ.

ನೋಟ ಅಂದರೆ, ಅವತ್ತಿನ ಕಣ್ಣು ಮತ್ತು ಬೆರಳಿಗೆ ಸಿಗುವಷ್ಟೇ ಸ್ಟೇಜ್. ಕಿಬ್ಬೊಟ್ಟೆಯ ಗೋಡೆಯ ಉದ್ದಕ್ಕೂ ರಕ್ತನಾಳಗಳ ಪಕ್ಕ ಲಿಂಫ್ ಗ್ರಂಥಿಗಳಿವೆ. ಕಾಳಿನಷ್ಟು ಚಿಕ್ಕವು. ಕೊರಳು ಕ್ಯಾನ್ಸರ್ ಹೊರಟರೆ ಸಾಮಾನ್ಯವಾಗಿ ಮೊದಲು ತಂಗುವುದು ಅಲ್ಲಿ. ಯಾವ ಬೆರಳಿಗೂ ಅವು ಸಿಗುವುದಿಲ್ಲ. ಮನುಷ್ಯರ ಮೇಲೆ ಮೊದಲ ಸಿಟಿ ಸ್ಕ್ಯಾನ್ ನಡೆದದ್ದು 1971ರ ಅಕ್ಟೋಬರ್‌ನಲ್ಲಿ, ಲಂಡನ್‌ನಲ್ಲಿ. ಹೆನ್ರಿಯೆಟ್ಟಾ ತೀರಿಕೊಂಡು ಸರಿಯಾಗಿ 20 ವರ್ಷಕ್ಕೆ. ಎಂಆರ್‌ಐ, ಪೆಟ್ ಸ್ಕ್ಯಾನ್ ಇನ್ನೂ ಆಮೇಲೆ ಬಂದವು.

ವಿಚಿತ್ರ ಅಂದರೆ ಸ್ಕ್ಯಾನ್ ಬಂದ ಮೇಲೂ ದಶಕಗಳ ಕಾಲ ಕೊರಳು ಕ್ಯಾನ್ಸರ್‌ನ ಸ್ಟೇಜನ್ನು ಕಣ್ಣು, ಬೆರಳು, ಸಾದಾ ಎಕ್ಸ್‌ರೇ ಇಂಥವುಗಳಿಂದಲೇ ಹೇಳಬೇಕಿತ್ತು. ಗ್ರಂಥಿಯಲ್ಲಿ ರೋಗ ಇದೆ ಅಂತ ಸ್ಕ್ಯಾನಿನಲ್ಲಿ ಕಂಡರೂ ಹಂತ ಬದಲಾಗುತ್ತಿರಲಿಲ್ಲ. ಇದಕ್ಕೆ ನ್ಯಾಯವಾದ ಕಾರಣ ಇತ್ತು. ಈ ರೋಗ ಜಾಸ್ತಿ ಇರುವುದು ಬಡ ದೇಶಗಳಲ್ಲಿ. ಎಂಆರ್‌ಐ ಇಲ್ಲದ ಊರಿನ ಹೆಂಗಸಿಗೂ ಇರುವ ಊರಿನ ಹೆಂಗಸಿಗೂ ಒಂದೇ ಅಳತೆ ಇರಲಿ ಅನ್ನುವ ಯೋಚನೆ. ಆದರೆ ಅದರ ಬೆಲೆಯೂ ದೊಡ್ಡದು. ಗ್ರಂಥಿಗೆ ರೋಗ ಹೋದವರೂ ಹೋಗದವರೂ ಒಂದೇ ಅಂಕಿಯ ಕೆಳಗೆ ಕೂತರು.

2018ರಲ್ಲಿ ಫಿಗೋ ಇದನ್ನು ಬದಲಿಸಿತು. ಆ ಬದಲಾವಣೆಯ ಮುಂಚೂಣಿಯಲ್ಲಿದ್ದವರು ದೆಹಲಿಯ ಏಮ್ಸ್‌ನ ಡಾ. ನೀರಜಾ ಭಾಟ್ಲಾ. ನಮ್ಮ ದೇಶದ ವಾರ್ಡ್‌ಗಳನ್ನು ಕಂಡವರೊಬ್ಬರು ಅಲ್ಲಿದ್ದರು ಅನ್ನುವುದು ನನಗೆ ದೊಡ್ಡ ವಿಷಯ. ಈಗ ಸ್ಕ್ಯಾನನ್ನೂ ಲ್ಯಾಬ್ ವರದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಸ್ಕ್ಯಾನ್ ಇಲ್ಲದ ಕಡೆ ಹಳೆಯ ರೀತಿಯ ಪರೀಕ್ಷೆಯೂ ನಡೆಯುತ್ತದೆ. ಕಿಬ್ಬೊಟ್ಟೆಯ ಗ್ರಂಥಿಯಲ್ಲಿ ರೋಗವಿದ್ದರೆ ಗಡ್ಡೆ ಎಷ್ಟೇ ಚಿಕ್ಕದಿರಲಿ 3ಸಿ1. ಹೊಟ್ಟೆಯ ಮೇಲ್ಭಾಗದಲ್ಲಿ ಮಹಾಪಧಮನಿಯ ಪಕ್ಕದ ಗ್ರಂಥಿಗೆ ಹೋಗಿದ್ದರೆ 3ಸಿ2. ಇದರ ಮುಂದೆ ಒಂದು ಅಕ್ಷರ ಸೇರಿಸುತ್ತಾರೆ. ‘ಆರ್’ ಇದ್ದರೆ ಸ್ಕ್ಯಾನ್ ನೋಡಿ ಹೇಳಿದ್ದು. ‘ಪಿ’ ಇದ್ದರೆ ಗ್ರಂಥಿಯನ್ನೇ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳಿದ್ದು. ನಿಮ್ಮ ಕೈಯಲ್ಲಿರುವ ರಿಪೋರ್ಟಿನಲ್ಲಿ ಆ ಅಕ್ಷರ ಹುಡುಕಿ ನೋಡಿ. ಅಂಕಿ ಯಾವ ಆಧಾರದ ಮೇಲೆ ನಿಂತಿದೆ ಅಂತ ಅದು ಹೇಳುತ್ತದೆ.

ಇದರಿಂದ ಒಂದು ಹೊಸ ಗಾಬರಿಯೂ ಹುಟ್ಟಿಕೊಂಡಿದೆ. ಸೋಮವಾರ ಪರೀಕ್ಷೆ ಮಾಡಿದ ವೈದ್ಯರು ‘ಒಂದನೇ ಸ್ಟೇಜ್ ಇರಬಹುದು’ ಅಂತಾರೆ. ಮುಂದಿನ ವಾರ ಸ್ಕ್ಯಾನ್ ನೋಡಿ ‘3ಸಿ1’ ಅಂತಾರೆ. ಒಂದೇ ವಾರದಲ್ಲಿ ಹಬ್ಬಿಬಿಡ್ತಾ ಅಂತ ಮನೆಯವರ ಎದೆ ಒಡೆಯುತ್ತದೆ. ಹಬ್ಬಿದ್ದಲ್ಲ, ಮೊದಲೇ ಇದ್ದದ್ದು ಈಗ ಕಂಡಿತು. ಅಮೆರಿಕದ ದೊಡ್ಡ ದಾಖಲೆಗಳನ್ನು ತಿರುವಿ ನೋಡಿದಾಗ ಇನ್ನೊಂದು ವಿಷಯವೂ ಗೊತ್ತಾಗಿದೆ. 3ಸಿ1 ಇರುವವರು ಒಟ್ಟಾರೆ 3ಎ (ಯೋನಿಯ ಕೆಳಭಾಗಕ್ಕೆ ಇಳಿದದ್ದು), 3ಬಿ (ಗೋಡೆ ಮುಟ್ಟಿದ್ದು ಅಥವಾ ಮೂತ್ರಪಿಂಡ ಊದಿಸಿದ್ದು) ಇರುವವರಿಗಿಂತ ಚೆನ್ನಾಗಿ ಉಳಿದಿದ್ದಾರೆ. ಅಕ್ಷರ ಮುಂದಿನದು ಅಂತ ಗತಿ ಕೆಟ್ಟದ್ದಾಗಬೇಕಿಲ್ಲ. ‘ಮೂರು’ ಅಂತ ಕೇಳಿದ ತಕ್ಷಣ ಕೈಚೆಲ್ಲಿ ಊರಿಗೆ ಕರೆದುಕೊಂಡು ಹೋಗಬೇಡಿ ಅಂತ ಕೈಮುಗಿದು ಕೇಳಬೇಕು ಅನಿಸುವುದು ಇದಕ್ಕೇ. 3ಸಿ1ಕ್ಕೆ ಕೊಡುವ ರೇಡಿಯೇಷನ್, ವಾರಕ್ಕೊಮ್ಮೆ ಕೊಡುವ ಕೀಮೋ ಔಷಧಿ ಸಿಸ್‌ಪ್ಲಾಟಿನ್, ಒಳಗಿನಿಂದ ಕೊಡುವ ಬ್ರೇಕಿಥೆರಪಿ, ಇವೆಲ್ಲ ಗುಣ ಮಾಡುವ ಉದ್ದೇಶದಿಂದಲೇ ಕೊಡುವ ಚಿಕಿತ್ಸೆ.

ಹೆನ್ರಿಯೆಟ್ಟಾ ಇವತ್ತು ಬಂದಿದ್ದರೆ? ಗಡ್ಡೆಯ ಅಗಲ 2 ಸೆಂಟಿಮೀಟರ್ ಆಸುಪಾಸು. 2 ಸೆಂಟಿಮೀಟರ್ ಮೀರದಿದ್ದರೆ 1ಬಿ1, ಮೀರಿದ್ದರೆ 1ಬಿ2. 4 ಮೀರಿದರೆ 1ಬಿ3. ಅವತ್ತಿನ ಪಟ್ಟಿಯಲ್ಲಿ ಒಂದರೊಳಗೆ ಈ ಯಾವ ಭಾಗವೂ ಇರಲಿಲ್ಲ. ಆಮೇಲೆ ಎಂಆರ್‌ಐ, ಪೆಟ್ ಸ್ಕ್ಯಾನ್. ಎಂಟು ತಿಂಗಳಲ್ಲಿ ಮೈಯೆಲ್ಲ ಹಬ್ಬಿದ ರೋಗ ಫೆಬ್ರವರಿಯಲ್ಲೇ ಗ್ರಂಥಿಗೆ ಹೋಗಿದ್ದಿರಬಹುದು ಅಂತ ಊಹಿಸಿದರೆ ತಪ್ಪಾಗಲಾರದು. ಹಾಗಿದ್ದರೆ ಆಕೆಯ ಕಾಗದದ ಮೇಲೆ ಒಂದರ ಬದಲು ಮೂರು ಇರುತ್ತಿತ್ತು. ರೇಡಿಯೇಷನ್ ಜೊತೆ ಸಿಸ್‌ಪ್ಲಾಟಿನ್ ಇರುತ್ತಿತ್ತು. ಈ ಜೋಡಿ ಚಿಕಿತ್ಸೆ ರೂಢಿಗೆ ಬಂದದ್ದೇ 1999ರಲ್ಲಿ.

ಇನ್ನು ಸ್ವಭಾವ. ಇದು ನನ್ನನ್ನು ಜಾಸ್ತಿ ಕಾಡುವ ಭಾಗ. ಜಾರ್ಜ್ ಗೈ 1970ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಜೋನ್ಸ್ ಮತ್ತು ಜೊತೆಗಾರರು 1971ರಲ್ಲಿ ಒಂದು ಲೇಖನ ಬರೆದರು. ಅದಕ್ಕಾಗಿ ಹೆನ್ರಿಯೆಟ್ಟಾ ಅವರ ಹಳೆಯ ಗಾಜಿನ ಸ್ಲೈಡನ್ನು ತೆಗೆದು ಮತ್ತೆ ನೋಡಿದರು. ಚಪ್ಪಟೆ ಕೋಶದ ಕ್ಯಾನ್ಸರ್ ಅಂತ ಬರೆದಿದ್ದದ್ದು ತಪ್ಪಾಗಿತ್ತು. ಅದು ಅಡಿನೋಕಾರ್ಸಿನೋಮಾ. ಲೋಳೆ ಒಸರುವ ಗ್ರಂಥಿಕೋಶಗಳಿಂದ ಹುಟ್ಟಿದ್ದು. ಆ ಕಾಲದಲ್ಲಿ ಎರಡಕ್ಕೂ ರೇಡಿಯಮ್ಮೇ ಕೊಡುತ್ತಿದ್ದರು, ಹಾಗಾಗಿ ಚಿಕಿತ್ಸೆ ಬದಲಾಗುತ್ತಿರಲಿಲ್ಲ ಅಂತ ಅವರು ಹೇಳಿದರು. ಅದು ನಿಜವೇ. 1980ರ ದಶಕದಲ್ಲಿ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ತಂಡ ಹೀಲಾ ಕೋಶಗಳೊಳಗೆ ಎಚ್‌ಪಿವಿ 18 ಅನ್ನುವ ವೈರಸ್ ಇರುವುದನ್ನು ಕಂಡಿತು. ಕೊರಳು ಕ್ಯಾನ್ಸರ್‌ಗೂ ವೈರಸ್‌ಗೂ ಇರುವ ನಂಟು ತೋರಿಸಿದ ಕೆಲಸಕ್ಕೆ ಜುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. 2013ರಲ್ಲಿ ಈ ಕೋಶಗಳ ಜೀನೋಮ್ ಓದಿದಾಗ ಇನ್ನಷ್ಟು ಗೊತ್ತಾಯಿತು. ವೈರಸ್ಸಿನ ತುಣುಕು ಎಂಟನೇ ಕ್ರೋಮೋಸೋಮಿನಲ್ಲಿ, ಮಿಕ್ ಅನ್ನುವ ಜೀನಿನ ಹತ್ತಿರ ಹೋಗಿ ಕೂತಿತ್ತು. ಕೋಶಕ್ಕೆ ‘ಬೆಳೆ, ಬೆಳೆ’ ಅಂತ ಹೇಳುವ ಜೀನು ಅದು. ವೈರಸ್ ಅದನ್ನು ಆನ್ ಮಾಡಿಟ್ಟುಬಿಟ್ಟಿತ್ತು. ಲ್ಯಾಬಿನ ಗಾಜಿನಲ್ಲಿ ದಿನಕ್ಕೊಂದು ಸಲ ಇಮ್ಮಡಿಯಾದ ಕೋಶಗಳು ಆಕೆಯ ಒಡಲಿನಲ್ಲೂ ಅದೇ ಆತುರದಲ್ಲಿದ್ದವು.

ಸ್ಟೇಜ್ ಇದರಲ್ಲಿ ಯಾವುದನ್ನೂ ಹೇಳಲಿಲ್ಲ. ಅದರ ಕೆಲಸ ರೋಗ ಎಲ್ಲಿಯವರೆಗೆ ಹೋಗಿದೆ ಅಂತ ಹೇಳುವುದು. ಎಷ್ಟು ವೇಗವಾಗಿ ಓಡುತ್ತದೆ ಅಂತ ಹೇಳುವುದು ಬೇರೆ ವರದಿ. ಮನೆಯವರು ಸ್ಟೇಜ್ ಕೇಳಿ ಫೋನ್ ಇಟ್ಟುಬಿಡುತ್ತಾರೆ. ಯಾವ ಬಗೆಯದು, ಗ್ರೇಡ್ ಎಷ್ಟು, ರಕ್ತನಾಳ ಮತ್ತು ಲಿಂಫ್ ನಾಳದೊಳಗೆ ಕೋಶ ಇಳಿದಿದೆಯಾ ಅಂತ ಕೇಳುವವರು ಕಡಿಮೆ. ಕೇಳಬೇಕು. ಗ್ರೇಡನ್ನೇ ಸ್ಟೇಜ್ ಅಂದುಕೊಂಡು ‘ಮೂರನೇ ಸ್ಟೇಜಂತೆ’ ಅಂತ ಅಳುವವರೂ ಇದ್ದಾರೆ. ಗ್ರೇಡ್ ಅಂದರೆ ಕೋಶಗಳು ಎಷ್ಟು ಕೆಟ್ಟಿವೆ ಅನ್ನುವುದು. ಗ್ರೇಡ್ ಮೂರು ಇದ್ದೂ ಸ್ಟೇಜ್ ಒಂದು ಇರಬಹುದು.

ಈ ಕೊರತೆಯನ್ನು ತುಂಬುವ ಪ್ರಯತ್ನ ಪಕ್ಕದ ಅಂಗದಲ್ಲಿ ಶುರುವಾಗಿದೆ. ಗರ್ಭಕೋಶದ ಒಳಪದರದ ಕ್ಯಾನ್ಸರನ್ನು 1988ರಿಂದ ಆಪರೇಷನ್ ಮಾಡಿ ನೋಡಿಯೇ ಹಂತ ಹೇಳುತ್ತಿದ್ದರು. ಅಂಡಾಶಯದ್ದಕ್ಕೂ ಹಂತ ಹೇಳುವುದು ಹೊಟ್ಟೆ ತೆರೆದು ನೋಡಿದ ಮೇಲೆಯೇ. 2023ರಲ್ಲಿ ಫಿಗೋ ಗರ್ಭಕೋಶದ ಕ್ಯಾನ್ಸರ್‌ನ ಹಂತದೊಳಗೇ ಕೋಶದ ಬಗೆಯನ್ನೂ, ಸಾಧ್ಯವಿದ್ದ ಕಡೆ ಜೀನ್ ಪರೀಕ್ಷೆಯನ್ನೂ ಸೇರಿಸಿತು. ಗಡ್ಡೆ ಗರ್ಭಕೋಶದೊಳಗೇ ಇದ್ದು ಸ್ನಾಯುವಿಗೆ ಇಳಿದಿದೆ ಅಂದುಕೊಳ್ಳಿ. ಪಿ53 ಅನ್ನುವ ಜೀನ್ ಕೆಟ್ಟಿದ್ದರೆ ಅದನ್ನು ಒಂದು ಅನ್ನುವುದಿಲ್ಲ, 2ಸಿ ಅನ್ನುತ್ತಾರೆ. ಪೋಲ್ ಜೀನಿನಲ್ಲಿ ಒಂದು ಬಗೆಯ ಬದಲಾವಣೆ ಇದ್ದರೆ ಮುಂದಿನ ದಾರಿ ಒಳ್ಳೆಯದಿರುತ್ತದೆ ಅಂತ ಎರಡರಿಂದ ಒಂದಕ್ಕೆ ಇಳಿಸುವುದೂ ಉಂಟು. ಇದು ತೊಡಕಾಯಿತು, ಜೀನ್ ಪರೀಕ್ಷೆ ಎಲ್ಲರಿಗೂ ಎಲ್ಲಿ ಸಿಗುತ್ತದೆ ಅಂತ ಆಕ್ಷೇಪಿಸುವ ವೈದ್ಯರಿದ್ದಾರೆ. ಆ ಆಕ್ಷೇಪದಲ್ಲಿ ಹುರುಳಿದೆ. ಆದರೂ ಹೆನ್ರಿಯೆಟ್ಟಾ ಪ್ರಕರಣ ಓದಿದವಳಾಗಿ ನನಗೆ ಇದು ಸರಿಯಾದ ದಿಕ್ಕು ಅನಿಸುತ್ತದೆ.

ಫಿಗೋ ನಿಯಮಗಳಲ್ಲಿ ಇನ್ನೊಂದಿದೆ. ವರದಿಗಳನ್ನೆಲ್ಲ ನೋಡಿ ಒಮ್ಮೆ ಬರೆದ ಸ್ಟೇಜನ್ನು ಆಮೇಲೆ ತಿದ್ದುವಂತಿಲ್ಲ. ರೋಗ ಮತ್ತೆ ಬಂದರೂ, ಎಲ್ಲೆಲ್ಲಿಗೆ ಹೋದರೂ, ಮೊದಲು ಬರೆದದ್ದೇ ಉಳಿಯುತ್ತದೆ. ಹೋಲಿಕೆಯ ಲೆಕ್ಕ ಕೆಡಬಾರದು ಅಂತ ಹೀಗೆ. ಜೋನ್ಸ್ ಮತ್ತು ಜೊತೆಗಾರರು 1971ರಲ್ಲಿ ಸ್ಲೈಡ್ ನೋಡಿ ರೋಗದ ಹೆಸರನ್ನೇ ಬದಲಿಸಿದರು. ಆ ಹೊತ್ತಿಗೆ ಆಕೆಯ ಕೋಶಗಳು ಜಗತ್ತಿನ ಮೂಲೆಮೂಲೆಯ ಲ್ಯಾಬ್‌ಗಳಲ್ಲಿ 20 ವರ್ಷ ಬೆಳೆದಿದ್ದವು. ಸ್ಟೇಜ್ ಮಾತ್ರ ಅದೇ ಒಂದು.